ಒರೆಗಲ್ಲು ಜೇಬಿನಲ್ಲಿಟ್ಟುಕೊಂಡು: ದೋಣಿಯಿಂದ ಇಂಗಳದಾಳದವರೆಗೆ ನಾಲ್ಕು ದಿನ

ನಮ್ಮ ಓಣಿಯ ಅಕ್ಕಸಾಲಿಗರಾದ ಪತ್ತಾರರಿಗೂ ನನಗೂ ಮೂವತ್ತು ವರ್ಷಗಳ ಒಡನಾಟ. ನಾನು ಗದಗಿನಲ್ಲಿ ಪದವಿಪೂರ್ವ ವಿದ್ಯಾರ್ಥಿಗಳಿಗೆ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು. ಅವರು ಅಜ್ಜನ ಕಾಲದ ಕುಲುಮೆಯ ಮುಂದೆ ಇಂದಿಗೂ ದಿನಕ್ಕೆ ಎಂಟು ತಾಸು ಕೂರುವವರು. ದೀಪಾವಳಿ ಕಳೆದ ಮರುವಾರ ಅವರ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದಾಗ, ಊದುಗೊಳವೆಯನ್ನು ಕೆಳಗಿಟ್ಟು ಅವರು ಒಂದು ಪ್ರಶ್ನೆ ಕೇಳಿದರು. "ಮಾಸ್ತರ್ರ, ಬಂಗಾರ ಹಳ್ಳದಾಗ ಬಂಗಾರ ಆಗೇ ಸಿಗತೈತಿ. ಕಬ್ಬಿಣ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚೈತಿ ಅಂತೀರಿ. ಹಂಗಿದ್ರ ಕಬ್ಬಿಣದ ಒಂದು ಗುಂಡು ಹಳ್ಳದಾಗ ಯಾಕ ಸಿಗೂದಿಲ್ಲ?"

ಈ ಪ್ರಶ್ನೆಗೆ ನಾನು ತರಗತಿಯಲ್ಲಿ ಪ್ರತಿ ವರ್ಷ ಉತ್ತರ ಹೇಳಿದ್ದೆ. ಕರಿಹಲಗೆಯ ಮೇಲೆ ಲೋಹಗಳ ಕ್ರಿಯಾಶೀಲತೆಯ ಸರಣಿಯನ್ನು, ಅಂದರೆ ಯಾವ ಲೋಹ ಬೇರೆ ವಸ್ತುಗಳೊಡನೆ ಎಷ್ಟು ಬೇಗ ಕೂಡುತ್ತದೆ ಎಂಬ ಕ್ರಮದ ಪಟ್ಟಿಯನ್ನು ಬರೆದು, ಪೊಟ್ಯಾಸಿಯಂ ತುದಿಯಲ್ಲಿದೆ, ಚಿನ್ನ ತಳದಲ್ಲಿದೆ, ಆದ್ದರಿಂದ ಹೀಗೆ ಎಂದು ಮುಗಿಸುತ್ತಿದ್ದೆ. ಆದರೆ ಸರಣಿ ಎಂಬುದು ಉತ್ತರವಲ್ಲ, ಪ್ರಶ್ನೆಯನ್ನೇ ಅಚ್ಚುಕಟ್ಟಾಗಿ ಬರೆದಿಟ್ಟ ಪಟ್ಟಿ ಎಂಬುದು ಅಂದು ಪತ್ತಾರರ ಎದುರು ಕುಳಿತಾಗ ಸ್ಪಷ್ಟವಾಯಿತು. ಗದಗಿನಿಂದ ನಾಲ್ಕು ದಿನಗಳ ಸುತ್ತಿನಲ್ಲಿ ಬಂಗಾರ, ಕಬ್ಬಿಣ, ತಾಮ್ರ ಮೂರೂ ನೆಲದಲ್ಲಿ ಯಾವ ರೂಪದಲ್ಲಿವೆ ಎಂದು ಕಣ್ಣಾರೆ ನೋಡಬಹುದಾದ ನಾಡು ನಮ್ಮದು. ಹೋಗಿಯೇ ನೋಡೋಣ ಎಂದೆ. ಪತ್ತಾರರು ಒರೆಗಲ್ಲನ್ನೂ, ತೇಜಾಬಿನ (ನೈಟ್ರಿಕ್ ಆಮ್ಲದ) ಪುಟ್ಟ ಗಾಜಿನ ಶೀಸೆಯನ್ನೂ ಬಟ್ಟೆಯಲ್ಲಿ ಸುತ್ತಿ ಜೇಬಿಗಿಟ್ಟುಕೊಂಡು ಹೊರಟೇಬಿಟ್ಟರು.

ಮೊದಲ ದಿನ: ಕಪ್ಪತಗುಡ್ಡದ ಅಂಚಿನ ಹಳ್ಳ

ಗದಗಿನಿಂದ ತೆಂಕಣಕ್ಕೆ ಹೊರಟರೆ ಗಾಳಿಯಂತ್ರಗಳ ಸಾಲು ಕಾಣುವಷ್ಟರಲ್ಲಿ ಕಪ್ಪತಗುಡ್ಡ ಎದುರಾಗುತ್ತದೆ. ಈ ಗುಡ್ಡಗಳ ಬಂಗಾರದ ಕುರಿತು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿಯೇ ಬರೆದಿದ್ದರು. ಅವರು ಬರುವುದಕ್ಕೆ ಎಷ್ಟೋ ಕಾಲ ಮೊದಲಿನಿಂದಲೂ ಇಲ್ಲಿನ ಹಳ್ಳಗಳ ಮರಳನ್ನು ತೊಳೆದು ಬಂಗಾರ ತೆಗೆಯುವ ಜಲಗಾರರು ಇದ್ದರು. ಗುಡ್ಡ ಈಗ ವನ್ಯಜೀವಿಧಾಮವಾದ್ದರಿಂದ ಒಳಗೆ ಕೈಹಾಕುವಂತಿಲ್ಲ. ದೋಣಿ ಎಂಬ ಊರಿನ ಕಡೆ, ಅರಣ್ಯದ ಗಡಿಯಿಂದ ಸಾಕಷ್ಟು ಹೊರಗೆ, ಪರಿಚಯದ ರೈತರೊಬ್ಬರ ಹೊಲದ ಬದಿಯ ಹಳ್ಳಕ್ಕೆ ನಾವು ಹೋದೆವು. ಹಿಂಗಾರಿನ ಜೋಳ ಮೊಣಕಾಲೆತ್ತರ ಬೆಳೆದಿತ್ತು. ಹಳ್ಳದಲ್ಲಿ ಪಾದ ಮುಳುಗುವಷ್ಟು ನೀರಿತ್ತು. ತಂದೆಯ ಕಾಲದವರೆಗೂ ಮರಳು ತೊಳೆಯುವುದನ್ನೇ ಕಸುಬಾಗಿಸಿಕೊಂಡಿದ್ದ ಮನೆತನದ ಹಿರಿಯರೊಬ್ಬರು ನಮಗಾಗಿ ಅಟ್ಟದಿಂದ ಮರದ ಮರಿಗೆಯನ್ನು ಇಳಿಸಿಕೊಂಡು ಬಂದಿದ್ದರು.

ಅವರ ಕೈಚಳಕವನ್ನು ಇಲ್ಲಿ ನಿಧಾನವಾಗಿಯೇ ಹೇಳಬೇಕು. ಹಳ್ಳ ತಿರುಗುವಲ್ಲಿ, ಒಳಬಾಗಿನ ಕಲ್ಲುಗಳ ಹಿಂದೆ ನಿಂತ ಮರಳನ್ನು ಮಾತ್ರ ಅವರು ಬಾಚಿದರು. ನೀರಿನ ವೇಗ ಕುಗ್ಗುವುದು ಅಲ್ಲಿಯೇ, ಭಾರವಾದದ್ದು ಇಳಿಯುವುದೂ ಅಲ್ಲಿಯೇ. ಮರಿಗೆಯನ್ನು ನೀರಿನಲ್ಲಿ ಅರ್ಧ ಮುಳುಗಿಸಿ, ಮೊರದಲ್ಲಿ ಅಕ್ಕಿ ಕೇರುವಂತೆ ಮುಂದಕ್ಕೆ ಹಿಂದಕ್ಕೆ ಆಡಿಸುತ್ತ, ಆಗಾಗ ಒಂದು ಮಗ್ಗುಲಿಗೆ ತುಸು ಓರೆ ಮಾಡುತ್ತ ಹೋದಂತೆ ಮೊದಲು ಮಣ್ಣು, ಆಮೇಲೆ ಬಿಳಿಯ ಬೆಣಚುಕಲ್ಲಿನ ಮರಳು ನೀರಿನೊಂದಿಗೆ ಹೊರಗೆ ಹರಿದುಹೋದವು. ಕಾಲು ತಾಸಿನ ಬಳಿಕ ತಳದಲ್ಲಿ ಉಳಿದದ್ದು ಕಾಡಿಗೆಯಂತಹ ಕರಿಮರಳಿನ ಒಂದು ಗೆರೆ. ಆರು ಬಾರಿ ಹೊಸ ಮರಳು ತುಂಬಿ ತೊಳೆದರೂ ಅಷ್ಟೇ. ಏಳನೆಯ ಮರಿಗೆಯಲ್ಲಿ, ಕರಿಗೆರೆಯ ಬಾಲದಂತಹ ತುದಿಯಲ್ಲಿ, ಕಣ್ಣು ಕಿರಿದು ಮಾಡಿ ನೋಡಿದರಷ್ಟೇ ಕಾಣುವ ಮೂರು ಹಳದಿ ಚುಕ್ಕೆಗಳಿದ್ದವು.

ನಾನು ಮನೆಯಿಂದ ತಂದಿದ್ದ ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಮರಿಗೆಯ ಮೇಲೆ ಆಡಿಸಿದೆ. ಕರಿಮರಳು ಮೀಸೆಯಂತೆ ಎದ್ದು ಅಯಸ್ಕಾಂತಕ್ಕೆ ಅಂಟಿತು. ಹಳದಿ ಚುಕ್ಕೆಗಳು ಕದಲಲಿಲ್ಲ. "ನೀವು ಕೇಳಿದ ಕಬ್ಬಿಣ ಇದೇ ನೋಡಿ" ಎಂದೆ. ಆ ಕರಿಮರಳು ಮ್ಯಾಗ್ನಟೈಟ್. ಮೂರು ಕಬ್ಬಿಣದ ಪರಮಾಣುಗಳಿಗೆ ನಾಲ್ಕು ಆಮ್ಲಜನಕದ ಪರಮಾಣುಗಳು ಕೂಡಿಕೊಂಡ ಸಂಯುಕ್ತ. ಭೂಮಿಯ ಹೊರಚಿಪ್ಪಿನ ತೂಕದಲ್ಲಿ ನೂರಕ್ಕೆ ಐದು ಪಾಲು ಕಬ್ಬಿಣ; ಬಂಗಾರವಾದರೋ ಸರಾಸರಿ ಸಾವಿರ ಟನ್ ಬಂಡೆಗೆ ಕೆಲವೇ ಗ್ರಾಂ. ಆದರೂ ಈ ಮರಿಗೆಯಲ್ಲಿ ಲೋಹವಾಗಿ ಕುಳಿತಿರುವುದು ಬಂಗಾರ ಮಾತ್ರ. ಕಬ್ಬಿಣ ಇಲ್ಲದೆ ಇಲ್ಲ, ಒಂಟಿಯಾಗಿಲ್ಲ, ಅಷ್ಟೇ.

ಹಿರಿಯರ ಬಳಿ ಅವರ ತಂದೆ ಪಾದರಸದಲ್ಲಿ ಕೂಡಿಸಿ, ಪಾದರಸವನ್ನು ಕಾಯಿಸಿ ಹಾರಿಸಿ ಉಳಿಸಿದ ಸಾಸಿವೆಕಾಳಿನಷ್ಟು ಬಂಗಾರದ ಗುಂಡು ಒಂದು ಹಳೆಯ ಔಷಧಿಯ ಬಾಟಲಿಯಲ್ಲಿತ್ತು. (ಪಾದರಸದ ಆ ಹೊಗೆ ಎಷ್ಟು ಜನರ ನರಗಳನ್ನು ಕೆಡಿಸಿತೋ, ಲೆಕ್ಕವಿಟ್ಟವರಿಲ್ಲ.) ಪತ್ತಾರರು ಕೈಮುಗಿದು ಅದನ್ನು ಕೇಳಿ ಪಡೆದು, ಒರೆಗಲ್ಲಿನ ಮೇಲೆ ಒಮ್ಮೆ ಎಳೆದರು. ಪಕ್ಕದಲ್ಲಿ ತಮ್ಮ 22 ಕ್ಯಾರಟ್ಟಿನ ಕಡ್ಡಿಯಿಂದ ಇನ್ನೊಂದು ಗೆರೆ ಎಳೆದು ಬಿಸಿಲಿಗೆ ಹಿಡಿದರು. ಮೊದಲನೆಯ ಗೆರೆ ತುಸು ಬಿಳಚಿಕೊಂಡಿತ್ತು. "ಇದರಾಗ ಬೆಳ್ಳಿ ಐತಿ" ಎಂದರು. ಅವರ ಮಾತು ಸರಿ. ನಿಸರ್ಗದ ಬಂಗಾರದಲ್ಲಿ ಸ್ವಲ್ಪವಾದರೂ ಬೆಳ್ಳಿ ಬೆರೆತೇ ಇರುತ್ತದೆ. ಬಂಗಾರ 'ಶುದ್ಧವಾಗಿ' ಸಿಗುತ್ತದೆ ಎಂಬ ನಮ್ಮ ಪುಸ್ತಕಗಳ ಮಾತನ್ನು ಆ ಮಟ್ಟಿಗೆ ತಿದ್ದಬೇಕು: ಅದು ಅಪರಂಜಿಯಾಗಿ ಸಿಗುವುದಿಲ್ಲ, ಲೋಹವಾಗಿ ಸಿಗುತ್ತದೆ. ಇನ್ನೊಂದು ಲೋಹದೊಂದಿಗೆ ಅದು ಬೆರೆಯಬಲ್ಲದು. ಆಮ್ಲಜನಕಕ್ಕೆ ತನ್ನ ಇಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಕಲ್ಲಾಗಲು ಮಾತ್ರ ಒಪ್ಪುವುದಿಲ್ಲ.

ಎರಡನೆಯ ದಿನ: ಹಟ್ಟಿ ಮತ್ತು ಮಸ್ಕಿ

ಗಜೇಂದ್ರಗಡ, ಕುಷ್ಟಗಿ, ಮುದಗಲ್ಲಿನ ದಾರಿ ಹಿಡಿದು ಲಿಂಗಸುಗೂರಿಗೆ ಬಂದಾಗ ಮಧ್ಯಾಹ್ನದ ಊಟದ ಹೊತ್ತು. ಅಲ್ಲಿಂದ ಹಟ್ಟಿ ಹತ್ತಿರ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದ ಮೇಲೆ ದೇಶದಲ್ಲಿ ಬಂಡೆಯಿಂದ ಬಂಗಾರ ತೆಗೆಯುವ ದೊಡ್ಡ ಗಣಿಯಾಗಿ ಬಹುಕಾಲ ಉಳಿದದ್ದು ಇದೊಂದೇ. ಇಂದಿನ ಕಂಪನಿ ಶುರುವಾದದ್ದು 1947ರಲ್ಲಿ. ಆದರೆ ಇಲ್ಲಿನ ಹಳೆಯ ಕುಳಿಗಳು ಸುಮಾರು 2000 ವರ್ಷಗಳಷ್ಟು ಹಿಂದಿನವು. ಆ ಕಾಲದವರು 600 ಅಡಿಗೂ ಆಳಕ್ಕೆ ಇಳಿದಿದ್ದರು ಎಂಬುದು ಕುಳಿಗಳಲ್ಲಿ ಸಿಕ್ಕ ಮರದ ತುಂಡುಗಳ ಇಂಗಾಲದ ಕಾಲಮಾಪನದಿಂದ ತಿಳಿದುಬಂದ ಸಂಗತಿ. ಬಂಡೆಗೆ ಬೆಂಕಿ ಹಚ್ಚಿ ಕಾಯಿಸಿ, ಬಿರುಕು ಬಿಡಿಸಿ, ಹಾಗೆಯೇ ಇಳಿಯುತ್ತ ಹೋದವರು ಅವರು.

ಗಣಿಯೊಳಕ್ಕೆ ಇಳಿಯಲು ಮುಂಚಿತವಾಗಿ ಅನುಮತಿ ಬೇಕು; ಅದನ್ನು ಕೇಳದೆ ಹೊರಟದ್ದು ನಮ್ಮದೇ ತಪ್ಪು. ಅದಿರು ಅರೆಯುವ ವಿಭಾಗದಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪಾಳಿ ಮುಗಿಸಿಕೊಂಡು ಊರಿನ ಚಹಾದಂಗಡಿಗೆ ಬಂದ. ವಿದ್ಯಾರ್ಥಿಗಳಿಗೆ ತೋರಿಸಲೆಂದು ವರ್ಷಗಳ ಹಿಂದೆ ನನಗೆ ಯಾರೋ ಕೊಟ್ಟಿದ್ದ ಹಟ್ಟಿಯ ಅದಿರಿನ ತುಂಡನ್ನು ನಾನು ಜೊತೆಗೆ ತಂದಿದ್ದೆ; ಅದನ್ನು ಮೇಜಿನ ಮೇಲಿಟ್ಟೆ. ಕಪ್ಪು ಪದರುಗಲ್ಲು, ನಡುವೆ ಹೊಗೆಬಣ್ಣದ ಬೆಣಚಿನ ಎಳೆ, ಅದರ ಅಂಚಿನಲ್ಲಿ ಬೆಳ್ಳಿಯಂತೆ ಮಿಂಚುವ ಸಣ್ಣ ಹರಳುಗಳು. ಪತ್ತಾರರು ಎಷ್ಟು ತಿರುಗಿಸಿ ನೋಡಿದರೂ ಹಳದಿ ಕಾಣಲಿಲ್ಲ. ಮಿಂಚುತ್ತಿದ್ದದ್ದು ಕಬ್ಬಿಣ, ಆರ್ಸೆನಿಕ್ ಮತ್ತು ಗಂಧಕ ಸೇರಿದ ಆರ್ಸೆನೊಪೈರೈಟ್. ಬಂಗಾರ ಅದರ ಆಸುಪಾಸಿನಲ್ಲಿ, ಟನ್ನಿಗೆ ಕೆಲವು ಗ್ರಾಂನಷ್ಟು, ಸೂಕ್ಷ್ಮದರ್ಶಕಕ್ಕೆ ಮಾತ್ರ ಸಿಗುವ ಕಣಗಳಾಗಿ ಕುಳಿತಿರುತ್ತದೆ.

ಇಲ್ಲಿ ನನ್ನ ಮೂವತ್ತು ವರ್ಷಗಳ ಒಂದು ಅಡ್ಡಮಾತನ್ನು ಹಿಂತೆಗೆದುಕೊಳ್ಳಬೇಕು. ಬಂಗಾರ ಯಾವುದರೊಂದಿಗೂ ವರ್ತಿಸದ 'ಜಡ' ಲೋಹ ಎಂದು ನಾನು ಕಲಿಸುತ್ತಿದ್ದೆ. ಅಷ್ಟು ಜಡವಾಗಿದ್ದರೆ ಅದು ಹಟ್ಟಿಗೆ ಬರುತ್ತಲೇ ಇರಲಿಲ್ಲ. ಭೂಮಿಯ ಆಳದಲ್ಲಿ ಮುನ್ನೂರು ಡಿಗ್ರಿಯಷ್ಟು ಕಾದ ನೀರಿನಲ್ಲಿ ಗಂಧಕವಿದ್ದಾಗ, ಬಂಗಾರದ ಪರಮಾಣುವೊಂದನ್ನು ಗಂಧಕದ ಕೈಗಳು ಎರಡೂ ಕಡೆಯಿಂದ ಹಿಡಿದುಕೊಂಡು ನೀರಿನಲ್ಲಿ ತೇಲಿಸಿಕೊಂಡು ಹೋಗುತ್ತವೆ. ಆ ಬಿಸಿನೀರು ಬಂಡೆಯ ಬಿರುಕುಗಳಲ್ಲಿ ಏರಿ ಬರುವಾಗ ಸುತ್ತಲಿನ ಬಂಡೆಯಲ್ಲಿರುವ ಕಬ್ಬಿಣ ಗಂಧಕವನ್ನು ಕಸಿದುಕೊಳ್ಳುತ್ತದೆ. ಹಿಡಿದ ಕೈ ತಪ್ಪಿದ ಕೂಡಲೇ ಬಂಗಾರ ಬೇರೆ ಜೊತೆ ಹುಡುಕುವುದಿಲ್ಲ. ತನ್ನಂತೆಯೇ ಕೈತಪ್ಪಿದ ಪರಮಾಣುಗಳೊಡನೆ ಸೇರಿ ಮತ್ತೆ ಲೋಹವಾಗಿ ಅಲ್ಲಿಯೇ ಉದುರುತ್ತದೆ. ಅದಿರಿನಲ್ಲಿ ಬಂಗಾರದ ಪಕ್ಕದಲ್ಲೇ ಕಬ್ಬಿಣ ಮತ್ತು ಗಂಧಕದ ಹರಳುಗಳು ಮಿಂಚುವುದಕ್ಕೆ ಇದೂ ಒಂದು ಕಾರಣ.

"ಗಿರಣಿಯಲ್ಲಿ ನಾವು ಮಾಡುವುದೂ ಇದನ್ನೇ ಸರ್" ಎಂದ ಶಿಷ್ಯ. ಗ್ಲಾಸ್ಗೋದಲ್ಲಿ 1887ರಲ್ಲಿ ಮೆಕಾರ್ಥರ್ ಮತ್ತು ಫಾರೆಸ್ಟ್ ಸೋದರರು ಹಕ್ಕುಪತ್ರ ಪಡೆದ ಸೈನೈಡ್ ವಿಧಾನದಲ್ಲಿ, ಹಿಟ್ಟಿನಂತೆ ಅರೆದ ಅದಿರಿನ ಕೆಸರಿಗೆ ಸೈನೈಡ್ ಬೆರೆಸಿ ಗಾಳಿ ಊದುತ್ತಾರೆ. ಗಾಳಿಯ ಆಮ್ಲಜನಕ ಒಂದೇ ಆಗಿದ್ದರೆ ಬಂಗಾರಕ್ಕೆ ಏನನ್ನೂ ಮಾಡಲಾರದು. ಸೈನೈಡ್ ಪಕ್ಕದಲ್ಲಿ ನಿಂತು ಪರಮಾಣುವನ್ನು ಹಿಡಿದುಕೊಳ್ಳುವುದರಿಂದ ಮಾತ್ರ ಅದರ ಇಲೆಕ್ಟ್ರಾನು ಸಡಿಲಗೊಳ್ಳುತ್ತದೆ. ಪತ್ತಾರರಿಗೆ ಇದು ಹೊಸತಾಗಿ ಕಾಣಲಿಲ್ಲ. ಎರಡು ತೇಜಾಬುಗಳನ್ನು ಕೂಡಿಸಿದಾಗ ಮಾತ್ರ ಬಂಗಾರ ಕರಗುತ್ತದೆ, ಒಂದೊಂದೇ ಹಾಕಿದರೆ ಕರಗದು ಎಂಬುದನ್ನು ಅವರು ಹದಿನಾರನೆಯ ವಯಸ್ಸಿನಿಂದ ಬಲ್ಲರು. ಒಂದು ತೇಜಾಬು ಇಲೆಕ್ಟ್ರಾನನ್ನು ಕೀಳಬೇಕು, ಇನ್ನೊಂದು ತೇಜಾಬು ಕಿತ್ತದ್ದು ಮರಳಿ ಹೋಗದಂತೆ ಪರಮಾಣುವನ್ನು ಹಿಡಿದಿಟ್ಟುಕೊಳ್ಳಬೇಕು.

ಇಲೆಕ್ಟ್ರಾನನ್ನು ಬಂಗಾರ ಅಷ್ಟು ಬಿಗಿಯಾಗಿ ಹಿಡಿಯುವುದೇಕೆ ಎಂಬ ಮುಂದಿನ ಪ್ರಶ್ನೆ ಸ್ವಲ್ಪ ಕಬ್ಬಿಣದ ಕಡಲೆಯೇ ಸರಿ. ಬಂಗಾರದ ಪರಮಾಣುವಿನ ನಡುವೆ 79 ಧನಾವೇಶಗಳಿವೆ. ಅಷ್ಟು ಬಲವಾದ ಸೆಳೆತಕ್ಕೆ ಸಿಕ್ಕ ಒಳಗಿನ ಇಲೆಕ್ಟ್ರಾನುಗಳು ಬೆಳಕಿನ ವೇಗದ ಅರ್ಧಕ್ಕೂ ಮೀರಿದ ವೇಗದಲ್ಲಿರುತ್ತವೆ. ಆ ವೇಗದಲ್ಲಿ ಐನ್‌ಸ್ಟೈನರ ಸಾಪೇಕ್ಷತೆಯ ಲೆಕ್ಕ ಅನ್ವಯವಾಗಿ ಅವುಗಳ ಕವಚ ಒಳಕ್ಕೆ ಕುಗ್ಗುತ್ತದೆ, ಅದರ ಜೊತೆಗೆ ಹೊರಗಿನ ಒಂಟಿ ಇಲೆಕ್ಟ್ರಾನಿನ ಕವಚವೂ ಕುಗ್ಗಿ ಬಿಗಿಯಾಗುತ್ತದೆ. ಬೆಳ್ಳಿಯ ಹೊರ ಇಲೆಕ್ಟ್ರಾನನ್ನು ಕೀಳಲು 7.6 ಇಲೆಕ್ಟ್ರಾನ್ ವೋಲ್ಟ್ ಶಕ್ತಿ ಸಾಕು, ಬಂಗಾರಕ್ಕೆ 9.2 ಬೇಕು. ಬಂಗಾರದ ಹಳದಿ ಬಣ್ಣಕ್ಕೂ ಇದೇ ಕುಗ್ಗುವಿಕೆ ಕಾರಣ. ಹೊಳಪು ಮಾಸದಿರುವುದೂ ಹಳದಿಯಾಗಿರುವುದೂ ಒಂದೇ ಬೇರಿನಿಂದ ಬಂದ ಗುಣಗಳು ಎಂದಾಗ ಪತ್ತಾರರು ಚಹಾದ ಕಪ್ಪನ್ನು ಕೆಳಗಿಟ್ಟು ತಮ್ಮ ಬೆರಳಿನ ಉಂಗುರವನ್ನು ಸುಮ್ಮನೆ ನೋಡಿಕೊಂಡರು.

ಸಂಜೆಗೆ ಮಸ್ಕಿ. ಇಲ್ಲಿನ ಗುಡ್ಡದ ಗವಿಯ ಬಂಡೆಯ ಮೇಲಿನ ಶಾಸನವನ್ನು 1915ರಲ್ಲಿ ಬೆಳಕಿಗೆ ತಂದ ಬೀಡನ್ ಎಂಬ ಎಂಜಿನಿಯರ್ ಈ ಸೀಮೆಗೆ ಬಂದದ್ದೇ ಬಂಗಾರ ಹುಡುಕಲು. 'ದೇವಾನಾಂಪಿಯ' ಎಂದು ಕರೆದುಕೊಂಡ ಅರಸ ಅಶೋಕನೇ ಎಂಬುದು ಖಚಿತವಾದದ್ದು ಈ ಬಂಡೆಯ ಮೇಲಿನ ಹೆಸರಿನಿಂದ. ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯ ಶಾಸನದಲ್ಲಿ ಆಜ್ಞೆ ಹೊರಟದ್ದು ಸುವರ್ಣಗಿರಿಯಿಂದ ಎಂದಿದೆ. ಆ ಸುವರ್ಣಗಿರಿ ಈ ಸುತ್ತಿನಲ್ಲೇ ಎಲ್ಲೋ ಇದ್ದಿರಬೇಕೆಂದು ವಿದ್ವಾಂಸರ ಊಹೆ. ಮಾಸಿದ ಅಕ್ಷರಗಳ ಎದುರು ನಿಂತ ಪತ್ತಾರರ ಗಮನ ಮಾತ್ರ ಬೇರೆಲ್ಲೋ ಇತ್ತು. "ಅಕ್ಷರ ಉಳದಾವು. ಕೆತ್ತಿದ ಉಳಿ ಎಲ್ಲಿ ಹೋತ್ರೀ?" ಎಂದು ಕೇಳಿದರು. ಅದಕ್ಕೆ ಉತ್ತರ ಮರುದಿನದ ದಾರಿಯಲ್ಲಿತ್ತು.

ಮೂರನೆಯ ದಿನ: ಸಂಡೂರು

ಸಿಂಧನೂರು, ಗಂಗಾವತಿಗಳನ್ನು ದಾಟಿ ಹೊಸಪೇಟೆಗೆ ಬಂದು, ಅಲ್ಲಿಂದ ಸಂಡೂರಿನ ಕಡೆ ತಿರುಗಿದ ಮೇಲೆ ರಸ್ತೆ, ಗಿಡದೆಲೆ, ಲಾರಿಯ ಗಾಜು, ಬಿಳಿ ಅಂಗಿಯ ಕಾಲರು ಎಲ್ಲವೂ ಒಂದೇ ಬಣ್ಣಕ್ಕೆ ತಿರುಗುತ್ತವೆ. ಪತ್ತಾರರು ಅಂಗೈಯಿಂದ ಕಾರಿನ ಬಾನೆಟ್ಟನ್ನು ಒರೆಸಿ, ಕೆಂಪಾದ ಬೆರಳುಗಳನ್ನು ನನ್ನ ಕಡೆ ಚಾಚಿದರು. ಅದೇ ಮಸ್ಕಿಯ ಉಳಿ ಎಂದೆ. ಉಳಿ ಎಂದೋ ತುಕ್ಕಾಗಿ ಮಣ್ಣಿಗೆ ಸೇರಿರಬೇಕು. ತುಕ್ಕಿಗೂ ಈ ಕೆಂಧೂಳಿಗೂ ತುಸು ನೀರಿನಂಶದ ಅಂತರ ಬಿಟ್ಟರೆ ರಾಸಾಯನಿಕವಾಗಿ ಹೆಚ್ಚು ಭೇದವಿಲ್ಲ.

ಕುಮಾರಸ್ವಾಮಿ ಬೆಟ್ಟದ ದಾರಿಯ ಒಂದು ತಿರುವಿನಲ್ಲಿ, ರಸ್ತೆಗಾಗಿ ಕಡಿದ ದರೆಯಲ್ಲಿ, ಬಂಡೆಯ ಪದರುಗಳು ಬಿಡಿಸಿಟ್ಟ ಇಳಕಲ್ ಸೀರೆಯ ಅಂಚಿನಂತೆ ಕಾಣುತ್ತವೆ: ಒಂದು ಪಟ್ಟಿ ಉಕ್ಕಿನ ಬೂದು, ಮತ್ತೊಂದು ಪಟ್ಟಿ ದಟ್ಟ ಕೆಂಪು, ಮತ್ತೆ ಬೂದು. ಎರಡು ಬೆರಳಿನಗಲದ ಪಟ್ಟಿಗಳು, ಗುಡ್ಡದುದ್ದಕ್ಕೂ. ಬೂದುಬಣ್ಣದ್ದು ಹೆಮಟೈಟ್ ಎಂಬ ಕಬ್ಬಿಣದ ಅದಿರು, ಕೆಂಪು ಪಟ್ಟಿ ಕಬ್ಬಿಣದ ಛಾಯೆಯ ಬೆಣಚು. ಇದು 250 ಕೋಟಿ ವರ್ಷಕ್ಕೂ ಹಿಂದಿನ ಕಡಲತಳ. ಆಗಿನ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ; ಆದ್ದರಿಂದ ಕಡಲ ನೀರಿನಲ್ಲಿ ಕಬ್ಬಿಣ, ಎರಡು ಇಲೆಕ್ಟ್ರಾನುಗಳನ್ನಷ್ಟೇ ಕಳೆದುಕೊಂಡ ಸ್ಥಿತಿಯಲ್ಲಿ, ಉಪ್ಪಿನಂತೆ ಕರಗಿ ಇರಬಹುದಾಗಿತ್ತು. ಸೂಕ್ಷ್ಮಜೀವಿಗಳ ದೆಸೆಯಿಂದ ಮೂರನೆಯ ಇಲೆಕ್ಟ್ರಾನನ್ನೂ ಕಳೆದುಕೊಂಡಾಗ ಕರಗಿರಲು ಆಗದೆ ತಳಕ್ಕೆ ಇಳಿಯಿತು. ಇಂದು ಲಾರಿಗಳಲ್ಲಿ ಹೋಗುತ್ತಿರುವುದು ಆ ತುಕ್ಕು. ಈ ಬೆಟ್ಟಗಳನ್ನು ಹೇಗೆ ಬಗೆದರು, ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಬಳ್ಳಾರಿಯ ಗಣಿಗಾರಿಕೆಯನ್ನು ಏಕೆ ನಿಲ್ಲಿಸಬೇಕಾಯಿತು ಎಂಬುದು ಬೇರೆಯೇ ಕಥೆ. ಅದನ್ನು ಇಲ್ಲಿ ಎಳೆಯುವುದಿಲ್ಲ.

ದರೆಯ ಬುಡದಲ್ಲಿ ಬಿದ್ದಿದ್ದ, ಕನ್ನಡಿಯಂತೆ ಹೊಳೆಯುವ ಬೂದುಕಲ್ಲಿನ ಚೂರೊಂದನ್ನು ಪತ್ತಾರರು ಎತ್ತಿಕೊಂಡರು. ಅವರ ಕೈಗೆ ಅದು ಲೋಹದಷ್ಟೇ ಭಾರವೆನಿಸಿತು. ಒರೆಗಲ್ಲನ್ನು ಬಿಚ್ಚಿ ಅದರ ಮೇಲೆ ಬಲವಾಗಿ ಎಳೆದರು. ಬೂದು ಕಲ್ಲು ಎಳೆದ ಗೆರೆ ಒಣಗಿದ ರಕ್ತದಂತೆ ಕೆಂಪಾಗಿತ್ತು! ಪಕ್ಕದಲ್ಲಿ ತಮ್ಮ ಉಂಗುರದಿಂದ ಬಂಗಾರದ ಗೆರೆ, ಅದರ ಪಕ್ಕದಲ್ಲಿ ಇನ್ನೊಂದು ಬೆರಳಿನ ತಾಮ್ರದ ಉಂಗುರದಿಂದ ಮೂರನೆಯ ಗೆರೆ. ಗಾಜಿನ ಕಡ್ಡಿಯಿಂದ ಮೂರರ ಮೇಲೂ ತೇಜಾಬಿನ ಒಂದೊಂದು ಹನಿ ಇಟ್ಟರು. ತಾಮ್ರದ ಗೆರೆ ನೊರೆಯೆದ್ದು, ಹಸಿರು ನೀಲಿಯ ನೀರಾಗಿ, ನಾವು ನೋಡುತ್ತಿದ್ದಂತೆ ಮಾಯವಾಯಿತು. ಬಂಗಾರದ ಗೆರೆ ಹಾಗೆಯೇ ಇತ್ತು. ಕೆಂಪು ಗೆರೆಯೂ ಹಾಗೆಯೇ ಇತ್ತು.

ಪತ್ತಾರರು ಹುಬ್ಬು ಗಂಟಿಕ್ಕಿದರು. ತೇಜಾಬಿಗೆ ಅಂಜದ್ದು ಬಂಗಾರ ಎಂಬುದು ಅವರ ಕಸುಬಿನ ಮೊದಲ ಪಾಠ. ಈ ಕಲ್ಲೂ ಅಂಜುವುದಿಲ್ಲವೆಂದರೆ ಏನರ್ಥ? ನಾಲ್ಕು ದಿನಗಳ ತಿರುಗಾಟದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಗಳಿಗೆ ಅದು. ನೈಟ್ರಿಕ್ ಆಮ್ಲ ಲೋಹಕ್ಕೆ ಮಾಡುವುದು ಇಲೆಕ್ಟ್ರಾನುಗಳನ್ನು ಕೀಳುವ ಕೆಲಸ. ತಾಮ್ರ ಕೊಟ್ಟಿತು, ಕರಗಿತು. ಬಂಗಾರ ಕೊಡಲಿಲ್ಲ. ಕೆಂಪು ಗೆರೆಯಲ್ಲಿರುವ ಕಬ್ಬಿಣದ ಬಳಿ ಕೊಡುವುದಕ್ಕೆ ಏನೂ ಉಳಿದಿಲ್ಲ. ಕೊಡಬೇಕಾದ್ದನ್ನು ಅದು ಆ ಹಳೆಯ ಕಡಲಿನಲ್ಲಿಯೇ ಆಮ್ಲಜನಕಕ್ಕೆ ಕೊಟ್ಟುಬಿಟ್ಟಿದೆ. ಒರೆಗಲ್ಲಿನ ಮೇಲೆ ಎರಡೂ ಗೆರೆಗಳು ಒಂದೇ ರೀತಿ ನಿಂತಿದ್ದವು, ತದ್ವಿರುದ್ಧವಾದ ಕಾರಣಗಳಿಗಾಗಿ. ಪತ್ತಾರರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ ಒಬ್ಬ ಸಾಲಾನೇ ಮಾಡಿಲ್ಲ, ಇನ್ನೊಬ್ಬನ ಮನಿ ಆಗಲೇ ಹರಾಜಾಗೇತಿ" ಎಂದರು. ನನ್ನ ಸರಣಿಗಿಂತ ಇದು ಮೇಲು.

ಆ ಕೊಡುಕೊಳ್ಳುವಿಕೆಯ ಗಾತ್ರವನ್ನು ಅಳೆಯಲೂಬಹುದು. ಮೂಲವಸ್ತುಗಳು ಕೂಡಿ ಆಕ್ಸೈಡ್ ಆಗುವಾಗ, ಒಂದು ಮೋಲ್ (ಅಂದರೆ 16 ಗ್ರಾಂ) ಆಮ್ಲಜನಕ ಪರಮಾಣುಗಳಿಗೆ ಇಷ್ಟು ಎಂದು ಹೊರಬೀಳುವ ಶಾಖವನ್ನು ಲೆಕ್ಕ ಹಾಕಿದರೆ ಅಲ್ಯುಮಿನಿಯಂಗೆ ಸುಮಾರು 559 ಕಿಲೋಜೂಲ್, ಕಬ್ಬಿಣಕ್ಕೆ 275, ತಾಮ್ರಕ್ಕೆ 157, ಪಾದರಸಕ್ಕೆ 91, ಬೆಳ್ಳಿಗೆ ಕೇವಲ 31. ಬಂಗಾರದ ಆಕ್ಸೈಡನ್ನು ಪ್ರಯೋಗಾಲಯದಲ್ಲಿ ಸುತ್ತುಬಳಸಿ ತಯಾರಿಸಿದರೂ ಸ್ವಲ್ಪ ಕಾಯಿಸಿದರೆ ಸಾಕು, ಬಿಚ್ಚಿಕೊಳ್ಳುತ್ತದೆ. ಹೊರಬಿದ್ದ ಶಾಖ ಎಂದೋ ಆಕಾಶಕ್ಕೆ ಹೋಗಿದೆ. ಲೋಹ ಮರಳಿ ಬೇಕೆಂದರೆ ಅಷ್ಟನ್ನು ನಾವು ತುಂಬಿಕೊಡಬೇಕು. ಕಬ್ಬಿಣದ ಕೆಲಸ ಕಷ್ಟ, ಏಕೆಂದರೆ ಅದು ಬೇಗ ಕರಗುವುದಿಲ್ಲ ಎಂದು ಪತ್ತಾರರು ತಿಳಿದಿದ್ದರು. ಕರಗಿಸುವುದು ಬೇರೆ, ಬಿಡಿಸುವುದು ಬೇರೆ. ಬಂಗಾರ 1064 ಡಿಗ್ರಿಗೆ, ತಾಮ್ರ 1085 ಡಿಗ್ರಿಗೆ ಕರಗುತ್ತವೆ, ಅಂತರ ಇಷ್ಟೇ. ಆದರೂ ಬಂಗಾರ ಹಳ್ಳದಲ್ಲಿ ಲೋಹವಾಗಿಯೇ ಸಿಗುತ್ತದೆ, ತಾಮ್ರ ಹೆಚ್ಚಿನಂಶ ಅದಿರಾಗಿಯೇ ಸಿಗುತ್ತದೆ. ಕತ್ತಲಾದ ಮೇಲೆ ಹೊಸಪೇಟೆಗೆ ಮರಳುವಾಗ ತೋರಣಗಲ್ಲಿನ ದಿಕ್ಕಿನ ಬಾನಂಚು ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಅಲ್ಲಿನ ಊದುಕುಲುಮೆಗಳಲ್ಲಿ ಒಂದು ಟನ್ ಕಬ್ಬಿಣಕ್ಕೆ ಸುಮಾರು ಒಂದೂವರೆ ಟನ್ನಿಗೂ ಮೀರಿದ ಅದಿರು, ಅರ್ಧ ಟನ್ನಿನಷ್ಟು ಕೋಕ್ (ಕಾಯಿಸಿ ಹದಗೊಳಿಸಿದ ಕಲ್ಲಿದ್ದಲು) ಬೀಳುತ್ತವೆ; ಕೋಕಿನ ಇಂಗಾಲ ಆಮ್ಲಜನಕವನ್ನು ತಾನು ಕಟ್ಟಿಕೊಂಡು ಹೊಗೆಯಾಗಿ ಹೋಗುತ್ತದೆ.

"ಎಲ್ಲೂ ಸಿಗೂದೇ ಇಲ್ಲೇನ್ರೀ ಹಂಗಾರ, ಬರೇ ಕಬ್ಬಿಣ?" ಎಂದು ಊಟದ ಹೊತ್ತಿಗೆ ಮತ್ತೆ ಕೇಳಿದರು. ಸಿಗುತ್ತದೆ, ಬಲು ಅಪರೂಪಕ್ಕೆ. ಗ್ರೀನ್‌ಲ್ಯಾಂಡಿನ ಡಿಸ್ಕೋ ದ್ವೀಪದಲ್ಲಿ ಜ್ವಾಲಾಮುಖಿಯ ಶಿಲಾರಸ ಇಂಗಾಲ ತುಂಬಿದ ಪದರುಗಳನ್ನು ಹಾಯ್ದು ಬಂದದ್ದರಿಂದ ಅಲ್ಲಿ ಭೂಮಿಯೇ ಊದುಕುಲುಮೆಯ ಕೆಲಸ ಮಾಡಿತು. ಬಸಾಲ್ಟ್ ಬಂಡೆಯೊಳಗೆ ಲೋಹದ ಕಬ್ಬಿಣವೇ ಇದೆ. ಎರಡನೆಯ ದಾರಿ ಆಕಾಶದ್ದು. ಈಜಿಪ್ಟಿನ ಅರಸ ತುತಾಂಖಾಮುನ್‌ನ ಗೋರಿಯಲ್ಲಿ ಸಿಕ್ಕ ಕಠಾರಿಯ ಅಲಗಿನಲ್ಲಿ ಶೇಕಡ 11ರಷ್ಟು ನಿಕ್ಕಲ್ ಇದ್ದು, ಅದು ಉಲ್ಕೆಯ ಕಬ್ಬಿಣವೆಂದು 2016ರ ಪರೀಕ್ಷೆಯಲ್ಲಿ ಗೊತ್ತಾಯಿತು. ಮೂರನೆಯದು ನಮ್ಮ ಕಾಲಡಿಯಲ್ಲೇ ಇದೆ: ಸುಮಾರು 2900 ಕಿಲೋಮೀಟರ್ ಕೆಳಗೆ ಭೂಗರ್ಭವಿಡೀ ಲೋಹದ ಕಬ್ಬಿಣ ಮತ್ತು ನಿಕ್ಕಲ್. ಭೂಮಿ ಕುದಿಯುತ್ತಿದ್ದ ಕಾಲದಲ್ಲಿ ಆ ಕಬ್ಬಿಣ ಮುಳುಗುವಾಗ ಬಂಗಾರವನ್ನೂ ತನ್ನೊಡನೆ ಎಳೆದುಕೊಂಡು ಹೋಯಿತು. ಆಮ್ಲಜನಕದೊಡನೆ ಕೂಡಿ ಬಂಡೆಯ ಭಾಗವಾಗಿದ್ದರೆ ಬಂಗಾರ ಮೇಲೆಯೇ ಉಳಿಯುತ್ತಿತ್ತು. ಒಂಟಿಯಾಗಿ ಇರುತ್ತೇನೆ ಎಂದ ಹಟಕ್ಕೇ ಅದು ನಮಗೆ ಇಷ್ಟು ವಿರಳವಾದದ್ದು.

ನಾಲ್ಕನೆಯ ದಿನ: ಇಂಗಳದಾಳ

ಕೂಡ್ಲಿಗಿಯ ಮೇಲೆ ಚಿತ್ರದುರ್ಗ. ಊರಿನ ಆಗ್ನೇಯಕ್ಕೆ ಸ್ವಲ್ಪ ದೂರದಲ್ಲಿ ಇಂಗಳದಾಳದ ಮುಚ್ಚಿಹೋದ ತಾಮ್ರದ ಗಣಿ ಇದೆ. ಇಲ್ಲಿಯೂ ಆಧುನಿಕ ಗಣಿಗೆ ಮೊದಲು ಹಳೆಯ ಕಾಲದವರ ಕುಳಿಗಳಿದ್ದವು. ಬೇಲಿಯ ಹೊರಗಿನ ದಾರಿಯ ಬದಿಯ ಕಲ್ಲುಗಳ ಮೇಲೆ ಪಾಚಿಯಂತೆ ಹಬ್ಬಿದ ಹಸಿರನ್ನು ನೋಡಿ ಪತ್ತಾರರು ಉಗುರಿನಿಂದ ಕೆರೆದರು, ಪಾಚಿಯಲ್ಲ. ಹುಣಸೆಹಣ್ಣು ಕಾಣದೆ ವರ್ಷಗಟ್ಟಲೆ ಬಿದ್ದಿದ್ದ ತಾಮ್ರದ ಹಂಡೆಯ ಕಿಲುಬು ಇದೇ. ಮಳೆ, ಗಾಳಿ, ಅಂಗಾರಾಮ್ಲ ಸೇರಿ ತಾಮ್ರದ ಅದಿರಿಗೆ ಬರಿಸಿದ ಬಣ್ಣ.

ಕಲ್ಲೊಂದನ್ನು ಒಡೆದಾಗ ಒಳಗೆ ಹಿತ್ತಾಳೆಯ ಹಳದಿ. ಪತ್ತಾರರಿಗೆ ಒಂದು ಕ್ಷಣ ಬಂಗಾರವೆನಿಸಿರಬೇಕು. ಒರೆಗಲ್ಲಿಗೆ ಉಜ್ಜಿದರೆ ಗೆರೆಯೇ ಕಾಣಲಿಲ್ಲ. ಚಹಾದಂಗಡಿಯಲ್ಲಿ ಪಿಂಗಾಣಿ ಬಟ್ಟಲನ್ನು ಬೋರಲು ಹಾಕಿ, ತಳದ ಮೆರುಗಿಲ್ಲದ ಬಳೆಯ ಮೇಲೆ ಉಜ್ಜಿದಾಗ ಹಸಿರು ಮಿಶ್ರಿತ ಕಪ್ಪು ಗೆರೆ ಮೂಡಿತು. ಕಪ್ಪು ಕಲ್ಲಿನ ಮೇಲೆ ಕಪ್ಪು ಗೆರೆ ಕಾಣುವುದಾದರೂ ಹೇಗೆ? ಬಂಗಾರ ಎಲ್ಲಿ ಉಜ್ಜಿದರೂ ಬಂಗಾರದ ಬಣ್ಣವನ್ನೇ ಬಿಡುತ್ತದೆ, ಏಕೆಂದರೆ ಅದು ಲೋಹ. ಇದು ತಾಮ್ರ, ಕಬ್ಬಿಣ, ಗಂಧಕ ಮೂರೂ ಸೇರಿದ ಚಾಲ್ಕೊಪೈರೈಟ್ ಎಂಬ ಕಲ್ಲು. (ಅಂಗಡಿಯವರು ಬಟ್ಟಲಿನ ಹಣ ಕೇಳಲಿಲ್ಲ. ಹತ್ತು ರೂಪಾಯಿ ಹೆಚ್ಚಾಗಿ ಇಟ್ಟು ಎದ್ದೆವು.)

ತಾಮ್ರದ ನಡುವಣ ಸ್ವಭಾವ ನನಗೆ ಯಾವಾಗಲೂ ಕುತೂಹಲದ್ದು. ಅದು ಬಂಗಾರದಷ್ಟು ಹಟದ್ದೂ ಅಲ್ಲ, ಕಬ್ಬಿಣದಷ್ಟು ಬೇಗ ಒಲಿಯುವುದೂ ಅಲ್ಲ; ಸುತ್ತಲಿನ ಸಹವಾಸ ಹೇಗೋ ಹಾಗೆ. ಇಂಗಳದಾಳದಲ್ಲಿ ಸಹವಾಸ ಗಂಧಕದ್ದು. ಸ್ವಲ್ಪ ದೂರದ ಮರಡಿಹಳ್ಳಿಯಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಪಾಡಿರುವ ದಿಂಬಿನಾಕಾರದ ಲಾವಾ ಬಂಡೆಗಳಿವೆ. ಸಮುದ್ರದ ನೀರಿನಡಿಯಲ್ಲಿ ಉಕ್ಕಿ, ಒಂದರ ಮೇಲೊಂದು ಚೀಲ ಒಟ್ಟಿದಂತೆ ಹೆಪ್ಪುಗಟ್ಟಿದ ಶಿಲಾರಸ ಅದು. ಅಂತಹ ಕಡಲತಳದ ಜ್ವಾಲಾಮುಖಿಗಳ ಬಿಸಿನೀರಿನಲ್ಲಿ ಗಂಧಕ ಹೇರಳವಾಗಿರುತ್ತದೆ. ತಾಮ್ರಕ್ಕೆ ಆಮ್ಲಜನಕಕ್ಕಿಂತ ಗಂಧಕದ ನಂಟು ಹತ್ತಿರದ್ದು, ಬೆಳ್ಳಿಗೂ ಹಾಗೆಯೇ. ಗಾಳಿಯ ಆಮ್ಲಜನಕ ಮುಟ್ಟದ ಕಾಲ್ಗೆಜ್ಜೆಯನ್ನು ಗಾಳಿಯಲ್ಲಿರುವ ಚೂರುಪಾರು ಗಂಧಕ ಕಪ್ಪಾಗಿಸುವುದನ್ನು ಪತ್ತಾರರು ದಿನವೂ ಕಾಣುತ್ತಾರೆ.

ಗಂಧಕವಿಲ್ಲದ ಕಡೆ ಅದೇ ತಾಮ್ರ ಬೇರೆಯೇ ಬಾಳು ಬಾಳಿದೆ. ಅಮೆರಿಕದ ಸುಪೀರಿಯರ್ ಸರೋವರದ ತೆಂಕಣ ದಂಡೆಯ ಕೀವಿನಾ ನೆಲಚಾಚಿನಲ್ಲಿ, ಗಂಧಕ ಬಹಳ ಕಡಿಮೆಯಿದ್ದ ಲಾವಾಗಳ ನಡುವೆ, ತಾಮ್ರ ಲೋಹವಾಗಿಯೇ ಕುಳಿತಿತ್ತು. ಸ್ಥಳೀಯ ಜನ ಸಾವಿರಾರು ವರ್ಷಗಳಿಂದ ಅದನ್ನು ಕುಲುಮೆಯಿಲ್ಲದೆ ಬಡಿದು ಕತ್ತಿ, ಭರ್ಚಿಗಳನ್ನು ಮಾಡಿಕೊಂಡಿದ್ದರು. ಅಲ್ಲಿಂದ ಸಾಗಿಸಿದ ಒಂಟೊನಾಗನ್ ತಾಮ್ರದ ಗುಂಡು ಒಂದೂವರೆ ಟನ್ನಿಗೂ ಮಿಗಿಲಾದ ಭಾರದ್ದು. ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದೆ. ಒಂದೇ ಲೋಹ, ಒಂದೆಡೆ ಕಲ್ಲು, ಇನ್ನೊಂದೆಡೆ ಗುಂಡು. ಲೋಹದ ಸ್ವಭಾವವೊಂದನ್ನೇ ಬರೆದು ಅದರ ಸುತ್ತಲಿನ ನೆಲವನ್ನು ಬಿಟ್ಟುಬಿಡುವ ನಮ್ಮ ಸರಣಿಗೆ ಈ ಭೇದ ಹಿಡಿಯುವುದಿಲ್ಲ.

ಮರಳುವ ದಾರಿಯಲ್ಲಿ ದಾವಣಗೆರೆ ದಾಟಿದ ಮೇಲೆ ಬುತ್ತಿಯ ಡಬ್ಬಿ ಬಿಚ್ಚಿದೆವು. ಅಲ್ಯುಮಿನಿಯಂ ಡಬ್ಬಿ. ಹೊರಚಿಪ್ಪಿನಲ್ಲಿ ಶೇಕಡ ಎಂಟರಷ್ಟಿರುವ, ಕಬ್ಬಿಣಕ್ಕಿಂತಲೂ ಹೇರಳವಾದ ಈ ಲೋಹವನ್ನು ಮನುಷ್ಯ 19ನೆಯ ಶತಮಾನದವರೆಗೂ ಕಂಡೇ ಇರಲಿಲ್ಲ. 1884ರಲ್ಲಿ ವಾಷಿಂಗ್ಟನ್ ಸ್ಮಾರಕದ ತುದಿಗೆ ಆಭರಣದಂತೆ ಅದನ್ನು ಕೂರಿಸಿದರು. ಎರಡೇ ವರ್ಷದ ಬಳಿಕ, 1886ರಲ್ಲಿ, ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಬೇರೆ ಬೇರೆಯಾಗಿ ವಿದ್ಯುತ್ತಿನಿಂದ ಅದನ್ನು ಬಿಡಿಸುವ ವಿಧಾನ ಕಂಡುಕೊಂಡರು. ಇಂದಿಗೂ ಒಂದು ಕಿಲೋ ಅಲ್ಯುಮಿನಿಯಂಗೆ 13ರಿಂದ 15 ಯೂನಿಟ್ ವಿದ್ಯುತ್ ಬೇಕು. ನನ್ನ ಮನೆಯಲ್ಲಿ ಮೂರು ದಿನ ಉರಿಯುವಷ್ಟು ಎಂದು ಲೆಕ್ಕ ಹಾಕಿ ಹೇಳಿದೆ. ಪತ್ತಾರರು ರೊಟ್ಟಿ ಮುರಿಯುತ್ತ, ಹಾಗಾದರೆ ಗುಜರಿಗೆ ಹಾಕುವಾಗ ಇದಕ್ಕೆ ಇಷ್ಟು ಕಡಿಮೆ ಬೆಲೆ ಏಕೆ ಎಂದು ಕೇಳಿದರು. ಅದಕ್ಕೆ ನನ್ನಲ್ಲಿ ರಸಾಯನಶಾಸ್ತ್ರದ ಉತ್ತರವಿರಲಿಲ್ಲ.

ಗದಗ ಮುಟ್ಟಿದಾಗ ರಾತ್ರಿ ಹತ್ತು. ಅಂಗಡಿಯ ಬಾಗಿಲು ತೆಗೆದು ಒರೆಗಲ್ಲನ್ನು ಸ್ವಸ್ಥಾನಕ್ಕಿಟ್ಟ ಪತ್ತಾರರು, ಮೂಲೆಯಲ್ಲಿದ್ದ ಹಳೆಯ ಎಣ್ಣೆಡಬ್ಬಿಯನ್ನು ದೀಪದ ಕೆಳಗೆ ಎಳೆದರು. ಅಂಗಡಿಯ ನೆಲದ ಕಸವನ್ನು ಅವರು ಎಸೆಯುವುದಿಲ್ಲ. ಅರದಿಂದ ಉದುರಿದ ಬಂಗಾರದ ಪುಡಿ ಅದರಲ್ಲಿರುವುದರಿಂದ ಅದನ್ನು ಕೂಡಿಟ್ಟು ಜಲಗಾರರಿಗೆ ಮಾರುತ್ತಾರೆ. ಈ ಸಲ ಎರಡು ವರ್ಷಗಳಿಂದ ಕೊಳ್ಳುವವರು ಬಂದಿರಲಿಲ್ಲವಂತೆ. ನನ್ನ ಅಯಸ್ಕಾಂತವನ್ನು ಕೇಳಿ ಪಡೆದು ಮೇಲ್ಪದರದ ಮೇಲೆ ಆಡಿಸಿದರು. ಸವೆದ ಅರದ ಉಕ್ಕಿನ ಪುಡಿ ಕಪ್ಪಗೆ ಅಂಟಿಕೊಂಡಿತು. ಆಮೇಲೆ ಕೈಯನ್ನು ಮೊಣಕೈವರೆಗೆ ಇಳಿಸಿ, ಮಳೆಗಾಲದ ತೇವ ಹಿಡಿದಿದ್ದ ತಳದ ಕಸವನ್ನು ಒಂದು ಹಿಡಿ ತೆಗೆದು ಕಾಗದದ ಮೇಲೆ ಹರಡಿದರು. ಅಲ್ಲಿನ ಪುಡಿ ಸಂಡೂರಿನ ರಸ್ತೆಯ ಬಣ್ಣಕ್ಕೆ ತಿರುಗಿತ್ತು, ಅಯಸ್ಕಾಂತಕ್ಕೆ ಹೆಚ್ಚೇನೂ ಬರಲಿಲ್ಲ. ಪತ್ತಾರರು ಕನ್ನಡಕವನ್ನು ಹಣೆಗೇರಿಸಿ, ಚಿಮಟದ ತುದಿಯಿಂದ ಆ ಕೆಂಪಿನೊಳಗೆ ಕೆದಕುತ್ತ, ಒಂದೊಂದಾಗಿ ಹಳದಿ ಚೂರುಗಳನ್ನು ಬದಿಗೆ ಸರಿಸತೊಡಗಿದರು.